ನೊಬ್ಲೆಸಾ ಮನೆತನದ ಎಡಗೈ

ಎಲ್ಪಿಡಿಯೊ ನೊಬ್ಲೆಸಾ ತನ್ನ ಕತ್ತಿಯ ಫೋಟೊವನ್ನು ತಾನೇ ತೆಗೆದದ್ದೇ ಎಡವಟ್ಟಾಯಿತು.

ಅವನ ಮನೆಯ ಗೋಡೆಯ ಮೇಲೆ ದೇವರ ಪಟಗಳಿಗಿಂತ ಕತ್ತಿಗಳೇ ಹೆಚ್ಚು. ಅವುಗಳಿಗೆಲ್ಲ ಯಜಮಾನನಂತಿದ್ದದ್ದು ತಾಲಿಬೊಂಗ್ ಎಂಬ ಹಳೆಯ ಕಾಳಗದ ಕತ್ತಿ: ಕೊಂಬಿನ ಹಿಡಿ, ಹಿಡಿಯ ತುದಿಯಲ್ಲಿ ಹಲ್ಲು ಕಿರಿದ ಮುಖ. ಅದನ್ನು ಝಳಪಿಸಿ ಮುತ್ತಜ್ಜ ಕಪಿತಾನ್ ಅನಾಕ್ಲೆತೊ ಸ್ಪೇನಿನ ಸಿಪಾಯಿಗಳನ್ನು ಸಮುದ್ರದವರೆಗೂ ಅಟ್ಟಿಸಿಕೊಂಡು ಹೋದ ಕತೆಯನ್ನು ಎಲ್ಪಿಡಿಯೊ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಅಂದು ಸಂಜೆ ಪುರಭವನದಲ್ಲಿ ಊರಿನ ಹೊಸ ಮ್ಯೂಸಿಯಂ ತೆರೆಯುವುದಿತ್ತು. ನಡುವಿನ ಗಾಜಿನ ಪೆಟ್ಟಿಗೆ ಈ ಕತ್ತಿಗೆ, ಅದರ ಕೆಳಗೆ ಮುತ್ತಜ್ಜನ ಹೆಸರು. ಕತ್ತಿಯ ಕಾಲ ನಿರ್ಣಯಿಸಲು ಇಲೊಯಿಲೊ ನಗರದಿಂದ ಇತಿಹಾಸ ತಜ್ಞೆ ಡಾಕ್ಟರ್ ಸುಮಗಾಯ್ಸಾಯ್ ಎಂಬಾಕೆ ಬರುವವರಿದ್ದರು. ಅಲ್ಲಿಯವರೆಗೆ ತಡೆಯಲಾರದೆ ಎಲ್ಪಿಡಿಯೊ ಕತ್ತಿಯನ್ನು ಎದೆಗೊತ್ತಿಕೊಂಡು ಸೆಲ್ಫಿ ತೆಗೆದು ಅವರಿಗೆ ಕಳಿಸಿಬಿಟ್ಟ.

ಅವರ ಫೋನು ಬಂದಾಗ ಅವನು ಗೊರ್ಗೋನಿಯೊನ ಕ್ಷೌರದಂಗಡಿಯಲ್ಲಿ ಕೂತಿದ್ದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ.

"ಅಪ್ಪಟ ಹಳೇದು ಸರ್! ಸಾವಿರದ ಎಂಟುನೂರ ಎಂಬತ್ತರ ಆಸುಪಾಸು. ಇನ್ನೊಂದು ವಿಶೇಷ ಏನಂದ್ರೆ, ನಮ್ಮ ಕಡೆ ಕತ್ತಿಗೆ ಒಂದು ಮೈ ಚಪ್ಪಟೆ, ಇನ್ನೊಂದು ಮೈಗೆ ಮಾತ್ರ ಸಾಣೆ ಅಲ್ವಾ? ಫೋಟೊದಲ್ಲಿ ಸಾಣೆ ಎಡಕ್ಕಿದೆ. ಎಡಗೈಯವರಿಗೆ ಅಂತಲೇ ಮಾಡಿದ್ದು. ಬಹಳ ಅಪರೂಪ!"

ಎಲ್ಪಿಡಿಯೊ ಅಂಕಕ್ಕಿಳಿದ ಹುಂಜದಂತೆ ಕತ್ತು ನಿಮಿರಿಸಿದ. ಗೊರ್ಗೋನಿಯೊನ ಕತ್ತರಿ ಮಾತ್ರ ಗಾಳಿಯಲ್ಲೇ ನಿಂತಿತು. ಅದು ಅವನ ಎಡಗೈಯಲ್ಲಿತ್ತು.

"ನೋಂಗ್ ಪಿಡಿಯೊ, ಅಣ್ಣಾ, ಈ ಊರಲ್ಲಿ ಎಡಚರು ಅಂದ್ರೆ ನಮ್ಮ ಮನೆಯವರೇ. ನಮ್ಮಜ್ಜ, ಅವರಪ್ಪ, ಎಲ್ರೂ. ನಮ್ಮ ಕತ್ತಿ ನಿಮ್ಮ ಗೋಡೆ ಹೆಂಗೆ ಹತ್ತಿತು?"

"ಬಾಯ್ಮುಚ್ಚೋ! ನಮ್ಮ ಮುತ್ತಜ್ಜನೂ ಎಡಚನೇ. ನಾನೂ ಎಡಚನೇ!"

"ನೀವಾ? ಯಾವಾಗಿಂದ?"

"ಹುಟ್ಟಿದಾಗಿಂದ. ನಾಚಿಕೆಗೆ ಮುಚ್ಚಿಟ್ಟಿದ್ದೆ ಅಷ್ಟೆ."

ಅರ್ಧ ಕ್ಷೌರದಲ್ಲೇ ಎದ್ದು ಅವನು ಬಾಚೊಯ್ ಎಂಬ ಶಾವಿಗೆ ಸೂಪಿನ ಅಂಗಡಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಕೂತಿತ್ತು. ಅಂಗಡಿಯ ಒಡತಿ ನಾಂಗ್ ಪಸಿಂಗ್ ಚಮಚವನ್ನು ಬಟ್ಟಲಿನ ಎಡಕ್ಕಿಟ್ಟಳು.

"ತಿನ್ನಪ್ಪಾ, ಇನ್ನು ನಾಚ್ಕೋಬೇಡ."

ಇಡೀ ಅಂಗಡಿ ಅವನ ಕೈಯನ್ನೇ ನೋಡುತ್ತಿತ್ತು. ಮೊದಲ ಚಮಚ ಬಾಯಿಯ ದಾರಿ ತಪ್ಪಿ ಕಿವಿಯ ಕಡೆ ಹೋಯಿತು. ಎರಡನೆಯದು ನಾಂಗ್ ಪಸಿಂಗಳ ಹೊಸ ರವಿಕೆಯ ಮೇಲೆ ಬಿತ್ತು.

"ಅಯ್ಯೋ ನನ್ನ ರವಿಕೆ! ಹುಟ್ಟಿದಾಗಿಂದ ಹಿಂಗೇ ತಿಂತಿದ್ಯಾ?"

"ಬಿಸಿ ಜಾಸ್ತಿ," ಎಂದು ಎಲ್ಪಿಡಿಯೊ ಕಾಲರಿನಿಂದ ಶಾವಿಗೆ ಬಿಡಿಸಿಕೊಂಡ. ಮಧ್ಯಾಹ್ನ ಪುರಭವನದಲ್ಲಿ ಮುತ್ತಜ್ಜನ ಪಟಕ್ಕೆ ಎಡಗೈಯಲ್ಲಿ ಮೊಳೆ ಹೊಡೆಯಹೋಗಿ ಬಲ ಹೆಬ್ಬೆರಳು ಬದನೆಕಾಯಿಯಾಯಿತು. ಆದರೂ ಪಟ್ಟು ಬಿಡಲಿಲ್ಲ.

ಸಂಜೆಯಾದರೂ ಡಾಕ್ಟರ ಬಸ್ಸು ಬರಲಿಲ್ಲ. ರಿಬ್ಬನ್ನನ್ನು ಆ ಕತ್ತಿಯಿಂದಲೇ ಕತ್ತರಿಸಿ ಎಂದರು ಮೇಯರ್. ಎಲ್ಪಿಡಿಯೊ ಎಡಗೈಯಲ್ಲಿ ಕತ್ತಿ ಹಿರಿದು ಬೀಸಿದ. ರಿಬ್ಬನ್ ಇದ್ದಲ್ಲೇ ಇತ್ತು. ಪಕ್ಕದ ಪರದೆ ಮೇಯರ ಹೆಂಡತಿಯ ಮೇಲೆ ಕುಸಿಯಿತು. ಜನ ನಗುವ ಮೊದಲೇ ಅವನು ಮೈಕು ಕಸಿದುಕೊಂಡ.

"ನಮ್ಮ ಮನೆತನದಲ್ಲಿ ಬಲಗೈಯಲ್ಲಿ ಕತ್ತಿ ಹಿಡಿದೋನು ಇವತ್ತಿನವರೆಗೂ ಹುಟ್ಟಿಲ್ಲ! ಹುಟ್ಟಿದ್ದು ನಿಜವಾದ್ರೆ ಈ ಕತ್ತಿ ನಮ್ದಲ್ಲ! ದೇವರಾಣೆ!"

ಚಪ್ಪಾಳೆಗೆ ಸೂರು ನಡುಗಿತು. ಗೊರ್ಗೋನಿಯೊ ಕೂಡ ಕಣ್ಣೊರೆಸಿಕೊಂಡು, "ನಿಮ್ದೇ ನೋಂಗ್, ಇನ್ನು ನಾನು ಮಾತಾಡಲ್ಲ," ಎಂದ. ಎಲ್ಪಿಡಿಯೊನ ಎದೆ ಅಂಗಿಯ ಗುಂಡಿಗಳನ್ನೆಲ್ಲ ಪರೀಕ್ಷೆಗೊಡ್ಡಿತು.

ಆಗ ಡಾಕ್ಟರ್ ಬಂದರು. ಕೈಗವಸು ತೊಟ್ಟು, ಕತ್ತಿಯನ್ನು ದೀಪಕ್ಕೆ ಹಿಡಿದು, ಹಿಡಿಯ ಕೆತ್ತನೆಯ ಮೇಲೆ ಬೆರಳಾಡಿಸಿದರು.

"ಕಾಲ ನಾನು ಹೇಳಿದ್ದೇ. ಊರಿಗೇ ಹೆಮ್ಮೆ ತರೋ ವಸ್ತು." ಮರುಕ್ಷಣ ಹುಬ್ಬು ಗಂಟಿಕ್ಕಿತು. "ಅರೆ, ಸಾಣೆ ಬಲಕ್ಕಿದೆಯಲ್ಲ? ನೀವು ಕಳಿಸಿದ್ದು ಸೆಲ್ಫೀನಾ ಸರ್? ಕನ್ನಡಿ ಥರ ಎಡಬಲ ತಿರುಗಿಬಿಟ್ಟಿದೆ. ತಪ್ಪು ನಂದೇ. ಇದು ಬಲಗೈ ಕತ್ತಿ."

ಇಡೀ ಸಭೆ ಎಲ್ಪಿಡಿಯೊನ ಕಡೆ ತಿರುಗಿತು.

"ಹಾಗಾದ್ರೆ ನಮ್ದಲ್ಲ ಬಿಡಿ," ಎಂದ ಗೊರ್ಗೋನಿಯೊ.

"ನಾನೂ ಬಲಗೈಯವನೇ! ಮುತ್ತಜ್ಜನೂ ಬಲಗೈಯವನೇ!" ಎಲ್ಪಿಡಿಯೊ ಬದನೆಕಾಯಿ ಬೆರಳೆತ್ತಿ ಕೂಗಿದ.

"ದೇವರಾಣೆ ಹಾಕಿದ್ದು ಇಡೀ ಊರು ಕೇಳಿದೆ," ಎಂದಳು ನಾಂಗ್ ಪಸಿಂಗ್. "ನನ್ನ ರವಿಕೆನೂ ಸಾಕ್ಷಿ."

ಮುತ್ತಜ್ಜನ ಹೆಸರಿನ ಫಲಕ ಕೆಳಗಿಳಿಯಿತು. 'ನಮ್ಮೂರಿನ ಅಜ್ಞಾತ ವೀರನ ಕತ್ತಿ' ಎಂದು ಮೇಯರ್ ಘೋಷಿಸಿದಾಗ ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು; ಈಗ ವೀರ ಎಲ್ಲರ ಮನೆಯವನೂ ಆಗಬಹುದಿತ್ತಲ್ಲ. ಫೋಟೊಗೆಂದು ಎಲ್ಲರೂ ಫೋನು ಎತ್ತಿದರು. ಎಲ್ಪಿಡಿಯೊ ಅಭ್ಯಾಸಬಲದಿಂದ ಪೆಟ್ಟಿಗೆಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ.

"ನೋಂಗ್, ಒಂಚೂರು ಆಚೆ ಸರೀರಿ," ಎಂದ ಗೊರ್ಗೋನಿಯೊ. "ನಮ್ಮ ಕತ್ತಿ ಕಾಣ್ತಾ ಇಲ್ಲ."