ಟಿಟ್ಟಿಭದ ಮೊಟ್ಟೆ

ಊರ್ಡಿಗೆರೆ ಹತ್ತಿರದ ದೊಡ್ಡಗಂಗಮ್ಮನ ಹೊಲದಲ್ಲಿ ಟಿಟ್ಟಿಭ ಹಕ್ಕಿಯೊಂದು ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಅದು ಕಾವಿಗೆ ಕೂತಿರುವ ಒಂದು ಫೋಟೊಗಾಗಿ ಉಪ್ಪಾರಹಳ್ಳಿಯ ವಿಜ್ಞಾನದ ಮೇಷ್ಟ್ರು ಅನಂತರಾಜು ಮೂರು ಭಾನುವಾರ ಅಲೆದಿದ್ದರು. ಇವತ್ತು ಹೊಲ ಉಳಲು ಟ್ರ್ಯಾಕ್ಟರ್ ಬೇರೆ ಬರುವುದಿತ್ತು.

"ಮೊಟ್ಟೆ ಸುತ್ತ ಒಂದಿಷ್ಟು ಜಾಗ ಬಿಡಿಸ್ತೀರಾ ಗಂಗಮ್ಮನೋರೆ?"

"ಬುಡಿಸ್ತೀನಿ ಬುಡಿ ಮೇಷ್ಟ್ರೇ. ನಾಕು ಹಿಡಿ ರಾಗಿ ಕಮ್ಮಿ ಆಯ್ತದೆ, ಅಷ್ಟೇ ತಾನೆ," ಎಂದು ಆಕೆ ಸುತ್ತ ನಾಲ್ಕು ಕಡ್ಡಿ ನೆಟ್ಟಳು.

ಮೇಷ್ಟ್ರು ಮಣ್ಣಿನ ಬಣ್ಣದ ದುಪ್ಪಟಿ ಹೊದ್ದು, ಕ್ಯಾಮೆರಾ ಹಿಡಿದು ಬೋರಲು ಮಲಗಿದರು. ಹಕ್ಕಿ ಇಳಿಯಲಿಲ್ಲ. ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿತು.

ಪಕ್ಕದ ಹೊಲದ ಪುಟ್ಟರಂಗಯ್ಯನಿಗೆ ಕಂಡದ್ದು ದುಪ್ಪಟಿಯಾಚೆ ಚಾಚಿದ್ದ ಎರಡು ಕಾಲು ಮಾತ್ರ. ಯಾರೋ ಮೂರ್ಛೆ ಬಿದ್ದಿದ್ದಾರೆಂದು ಓಡಿಬಂದು ಒಂದು ಚೊಂಬು ನೀರು ಸುರಿದ. ಹಿಂದೆಯೇ ಐದಾರು ಜನ ಬಂದರು. ಒಬ್ಬಾಕೆ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಇನ್ನೊಬ್ಬ ಅವರ ಅಂಗೈಗೆ ಬೀಗದ ಕೈ ತುರುಕಿ ಮುಷ್ಟಿ ಬಿಗಿಸಿದ.

"ನನಗೇನೂ ಆಗಿಲ್ಲ. ಹಕ್ಕಿ ಸಂಸಾರ ನೋಡ್ತಿದೀನಿ," ಎಂದರು ಮೇಷ್ಟ್ರು.

ಪುಟ್ಟರಂಗಯ್ಯ ಮೆಲ್ಲಗೆ ಹೇಳಿದ: "ಬಿಸಿಲು ತಲೆಗೇ ಹತ್ಬುಟ್ಟದೆ ಕಣ್ರಪ್ಪಾ."

ಅವರನ್ನೆಲ್ಲ ಸಾಗಹಾಕುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ದೊಡ್ಡಗಂಗಮ್ಮ ಹತ್ತಿರ ಬಂದು ನಿಂತಳು.

"ನೀವೊಬ್ರು ಇದ್ರೂ ಅದು ಬರಾಕಿಲ್ಲ ಮೇಷ್ಟ್ರೇ. ಮೊಟ್ಟೆ ಬೇಯ್ತಾ ಅವೆ."

ಮೇಷ್ಟ್ರು ಎದ್ದು ದುಪ್ಪಟಿ ಮಡಚಿದರು. ಮೊಟ್ಟೆಯೊಳಗಿನ ಮರಿ ಎಷ್ಟು ಬಿಸಿ ತಡೆದೀತು ಎಂಬುದು ಆಕೆಗಿಂತ ಮೊದಲು ತನಗೆ ಹೊಳೆಯಬೇಕಿತ್ತು. ಕ್ಯಾಮೆರಾ ಚೀಲಕ್ಕೆ ಹಾಕಿ, ತಲೆ ತಗ್ಗಿಸಿ ರಸ್ತೆಯತನಕ ನಡೆದರು. ತಿರುಗಿ ನೋಡಿದಾಗ ಹಕ್ಕಿ ಕಾಲುವೆಯ ನೀರಲ್ಲಿ ಎದೆ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಅವರಿಗೆ ಫೋಟೊ ಸಿಗದಿದ್ದರೆ ಬೇಡ, ಮರಿ ಉಳಿಯಲಿ ಎನ್ನಿಸಿತು.

ಅಷ್ಟರಲ್ಲಿ ಟ್ರ್ಯಾಕ್ಟರ್ ಹೊಲಕ್ಕಿಳಿಯಿತು. ಓಡಿಸುತ್ತಿದ್ದವನು ದೊಡ್ಡಗಂಗಮ್ಮನ ಅಳಿಯ ಅಶ್ವಥ್. ಗುಡುಗುಡು ಸದ್ದಿಗೆ ಹಕ್ಕಿ ಹಾರಿಹೋಗುತ್ತದೆಂದು ಮೇಷ್ಟ್ರು ಉಸಿರು ಬಿಗಿಹಿಡಿದರು. ಅದು ಕದಲಲಿಲ್ಲ. ಟ್ರ್ಯಾಕ್ಟರು ಕಡ್ಡಿಗಳನ್ನು ಬಳಸಿ ಮೂರು ಮಾರು ದೂರದಲ್ಲೇ ಹಾದರೂ, ಪರಿಚಯದ ಎಮ್ಮೆಯೊಂದು ಹೋಯಿತೇನೋ ಎಂಬಂತೆ ಸುಮ್ಮನೆ ಕೂತಿತ್ತು. ಅಶ್ವಥ್ ಸೀಟಿನಿಂದಲೇ ಬಗ್ಗಿ ಮೊಬೈಲ್ ಚಾಚಿದ.

ಉಳುಮೆ ಮುಗಿಸಿ ರಸ್ತೆಗೆ ಬಂದವನು ಫೋನು ತೋರಿಸಿದ. ಕಣ್ಣ ಮುಂದಿನ ಕೆಂಪು ತೊಗಲಿನ ಜೋಲು, ರೆಕ್ಕೆಯಡಿ ಇಣುಕುವ ಒಂದು ಮೊಟ್ಟೆ, ಎದೆಯ ಮೇಲಿನ ನೀರ ಹನಿ ಕೂಡ ಸ್ಪಷ್ಟವಾಗಿದ್ದವು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಪ್ಪಾ," ಎಂದರು.

"ಸ್ಟೇಟಸ್‌ಗೆ ಹಾಕ್ತೀನಿ ಸಾರ್. ಈ ಹಕ್ಕಿ ಹೆಸ್ರು ಹೆಂಗೆ ಬರೀತಾರೆ?"

ಮೇಷ್ಟ್ರು ಚೀಲ ಕೆಳಗಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.