ನಾಯಕಿಯ ಕೋಟಿನ ಬೆನ್ನು

ಹಳೆಯ ಚಿತ್ರಗಳ ಆಶ್ರಯದಾತರೂ ಪ್ರೇಕ್ಷಕರ ಶಿಸ್ತಿನ ಸಂರಕ್ಷಕರೂ ಆದ ಚಿತ್ರಮಂದಿರದ ವ್ಯವಸ್ಥಾಪಕರಿಗೆ ಅನಂತ ನಮಸ್ಕಾರಗಳು.

ಮಾನ್ಯರೇ,

ಭಾನುವಾರ ಮಧ್ಯಾಹ್ನದ ಆಟದಿಂದ ತಾವು ಖುದ್ದಾಗಿ ಬಾಗಿಲವರೆಗೆ ಬಂದು ಬೀಳ್ಕೊಟ್ಟ ಇಬ್ಬರಲ್ಲಿ ಗಡ್ಡದವನು ನಾನು, ಬಡಗಿ. ಅಳತೆಯ ಟೇಪು ಹಿಡಿದಿದ್ದವಳು ನಮ್ಮಕ್ಕ, ದರ್ಜಿ.

ಭಾವ ತೀರಿಕೊಂಡ ಮೇಲೆ ಅಕ್ಕ ಎರಡು ವರ್ಷ ಹೊಲಿಗೆ ಯಂತ್ರದ ಮುಚ್ಚಳ ತೆಗೆದಿರಲಿಲ್ಲ. ಹೀಗೇ ಕೂತರೆ ಗೋಡೆಗೂ ಬೇಸರವಾದೀತೆಂದು ನಾನೇ ಅವಳನ್ನು ತಮ್ಮ ಕಪ್ಪು-ಬಿಳುಪು ಚಿತ್ರಕ್ಕೆ ಎಳೆತಂದೆ. ಕಥೆ ಏನೆಂದು ನಮ್ಮಿಬ್ಬರಿಗೂ ಇವತ್ತಿಗೂ ತಿಳಿಯದು. ಬಳ್ಳಿಯಂತೆ ಬಳುಕಿ ಏರುವ ಆ ಬಂಗಲೆಯ ಮೆಟ್ಟಿಲನ್ನೂ, ಬಣ್ಣ ಯಾವುದೆಂದು ನಾವೇ ಊಹಿಸಿಕೊಳ್ಳಬೇಕಾದ ಬಣ್ಣದ ಗಾಜಿನ ಕಿಟಕಿಗಳನ್ನೂ ನಾನು ಬಾಯಿ ತೆರೆದು ನೋಡುತ್ತಿದ್ದಾಗ, ನಾಯಕಿ ಅಗಲ ಕಾಲರಿನ ಉದ್ದನೆಯ ಕೋಟು ತೊಟ್ಟು ಬಂದಳು. ಅಕ್ಕ ನನ್ನನ್ನು ಚಿವುಟಿ, "ಲೋ, ಆ ತೋಳು ನೋಡೋ! ಒಂದು ಸುಕ್ಕಿಲ್ಲ. ಹೇಗೆ ಕೂರಿಸಿದ್ದಾನೋ ಪುಣ್ಯಾತ್ಮ!" ಎಂದಳು. ಅವಳ ದನಿಯಲ್ಲಿ ಅಂಥ ಗೆಲುವು ಕೇಳಿ ಎಷ್ಟು ಕಾಲವಾಗಿತ್ತೋ!

ಅವಳು ಎದ್ದು ಪರದೆಯ ಬಳಿಗೇ ಹೋದದ್ದು, ಟೇಪು ಎತ್ತಿ ಹಿಡಿದದ್ದು, ಅವಳ ನೆರಳು ನಾಯಕರ ಮೂಗನ್ನು ನುಂಗಿದ್ದು, ಮುಂದಿನ ಸಾಲಿನವರು "ಅಮ್ಮಾ, ಕೂತ್ಕೊಳ್ರೀ!" ಎಂದು ಕೂಗಿದ್ದು ಎಲ್ಲವೂ ನಿಜ. ಆದರೆ, ಪೂರ್ತಿ ನೋಡಿದವರು ಹೇಳುವಂತೆ, ಇಡೀ ಚಿತ್ರದಲ್ಲಿ ಒಂದೇ ಸಲ ಬೆನ್ನು ತೋರಿಸುವ ನಾಯಕಿ ಇನ್ನೇನು ತಿರುಗಬೇಕು, ಅಷ್ಟರಲ್ಲಿ ತಮ್ಮ ಟಾರ್ಚು ನಮ್ಮ ಕಣ್ಣಿಗೆ ಬಿತ್ತು. ಸಮಯಪ್ರಜ್ಞೆ ಎಂದರೆ ಅದು!

ಆ ಸಂಜೆಯೇ ಅಕ್ಕ ಯಂತ್ರಕ್ಕೆ ಎಣ್ಣೆ ಬಿಟ್ಟಳು. ಹಳೆಯ ಕಂಬಳಿ ಕತ್ತರಿಸಿ ಕಾಲರು, ತೋಳು, ಮುಂಭಾಗ ಹೊಲಿದಳು. ಕನ್ನಡಿಯ ಮುಂದೆ ನಿಂತು ನಕ್ಕಳು. ಬೆನ್ನು ಮಾತ್ರ ಬಾಕಿ. ಅಂದಾಜಿನಲ್ಲಿ ಹೊಲಿ ಎಂದರೆ, "ಇದೇನು ದಿಂಬಿನ ಚೀಲಾನಾ?" ಎಂದು ನನ್ನನ್ನೇ ಗದರಿಸುತ್ತಾಳೆ.

ಆದಕಾರಣ, ಚಿತ್ರ ಬದಲಾಗುವ ಗುರುವಾರದೊಳಗೆ ತಾವು ನಾಯಕಿಗೆ ಹೇಳಿ ಕಾಲು ಗಂಟೆ ಬೆನ್ನು ತಿರುಗಿಸಿ ನಿಲ್ಲಿಸಬೇಕು. ಮೆಟ್ಟಿಲಿಗೆ ಅಡ್ಡ ನಿಂತು ಪ್ರೇಮ ನಿವೇದಿಸುವ ನಾಯಕರನ್ನೂ ಎರಡು ಹೆಜ್ಜೆ ಸರಿಸಬೇಕು. ಅವರು ಪ್ರೀತಿಯನ್ನು ಅಡುಗೆಮನೆಯಲ್ಲೂ ಹೇಳಿಕೊಳ್ಳಬಹುದು, ಮೆಟ್ಟಿಲು ಅಲ್ಲಿಗೆ ನಡೆದುಹೋಗಲಾರದು.

ಟಾರ್ಚಿನ ಬೆಳಕಿನಲ್ಲಿ ಪಾವನನಾದ
ತಮ್ಮ ವಿಶ್ವಾಸಿ,
ದರ್ಜಿಯಮ್ಮನ ತಮ್ಮ

ತಾ.ಕ.: ಇದನ್ನು ಬರೆಯುತ್ತಿರುವಾಗಲೇ ತಮ್ಮ ಶ್ರೀಮತಿಯವರು ನಮ್ಮ ಮನೆಗೆ ಬಂದು, ಕೋಟಿನ ಮುಂಭಾಗ ಕಂಡು ಮರುಳಾಗಿ, ಅಂಥದ್ದೇ ಒಂದು ಬೇಕೆಂದು ಅಳತೆ ಕೊಟ್ಟು ಹೋದರು. ಬೆನ್ನು ಏಕಿಲ್ಲ ಎಂದು ಕೇಳಿದರು. ತಮ್ಮನ್ನೇ ವಿಚಾರಿಸಬೇಕೆಂದು ವಿನಯದಿಂದ ತಿಳಿಸಿದ್ದೇವೆ.