ಎಂಟನೇ ಸ್ಥಾನದ ಆಶೀರ್ವಾದ

ನಾಲಿಗೆಯ ಮೇಲೆ ಮಚ್ಚೆ ಇರುವವರು ಆಡಿದ್ದು ಆಗಿಬಿಡುತ್ತದೆ ಎಂಬುದು ನಮ್ಮಲ್ಲಿನ ಒಂದು ನಂಬಿಕೆ. ಅಂಥವರ ಎದುರು ಜನ ಸ್ವಲ್ಪ ಹುಷಾರಾಗಿರುತ್ತಾರೆ. ಆದರೆ ಆಡಿದ್ದು ಖಂಡಿತವಾಗಿಯೂ ಆಗದಿರುವ ನಾಲಿಗೆಯ ಬಗ್ಗೆ ಯಾರೂ ಏನೂ ಹೇಳಿಟ್ಟಿಲ್ಲ. ಅಂಥದ್ದೊಂದು ನನ್ನ ಬಾಯಲ್ಲಿದೆ. ಇವತ್ತು ಮಳೆ ಬರುವುದಿಲ್ಲ ಎಂದು ನಾನು ಹೇಳಿದರೆ ನನ್ನ ಹೆಂಡತಿ ಶಾರದಾ ಮರುಮಾತಾಡದೆ ಮಹಡಿ ಹತ್ತಿ ಒಣಹಾಕಿದ ಬಟ್ಟೆ ತೆಗೆದುಕೊಂಡು ಬರುತ್ತಾಳೆ. ಈ ಹೊತ್ತಿನಲ್ಲಿ ಮೆಟ್ರೋದಲ್ಲಿ ಆರಾಮಾಗಿ ಸೀಟು ಸಿಗುತ್ತದೆ ಎಂದರೆ ಆಟೋಗೆ ಕೈ ಅಡ್ಡ ಹಾಕುತ್ತಾಳೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಇಷ್ಟು ನಂಬಿಕೊಂಡು ಬಂದಿರುವುದು ನನಗೂ ಸಮಾಧಾನದ ವಿಷಯವೇ.

ಇಂಥವನು ತೆಪ್ಪಗೆ ತನ್ನ ಕೆಲಸ ನೋಡಿಕೊಂಡಿರಬೇಕಿತ್ತು. ನನ್ನ ಕೆಲಸ ಹಲಸೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನದು. ಲೈಬ್ರರಿಯ ಕಿಟಕಿ ತೆರೆಯುವುದು ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ. ಪುಸ್ತಕ ಕೇಳಿಕೊಂಡು ಬರುವವರು ಅಪರೂಪವಾದ್ದರಿಂದ ನಾನು ವರ್ಷಗಟ್ಟಲೆ ಆ ಕಿಟಕಿಯಲ್ಲಿ ಕೂತು ಆಟ ನೋಡಿದ್ದೇನೆ. ಸ್ವತಃ ಆಡಿದ್ದು ಒಂದೇ ಸಲ, ಹೈಸ್ಕೂಲಿನಲ್ಲಿ. ಅವತ್ತು ಚೆಂಡು ನೇರ ನನ್ನ ಕನ್ನಡಕಕ್ಕೆ ಬಂತು, ನಾನು ನೇರ ಮನೆಗೆ ಹೋದೆ. ಹೀಗಿದ್ದರೂ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಒಂದು ದಿನ, "ಸರ್, ನೀವು ಬರೆಯೋಕೆ ಬರೋವ್ರು. ಲೀಗ್ ಶುರುವಾಗೋ ಮುಂಚೆ ಯಾರು ಗೆಲ್ತಾರೆ, ಯಾರು ಸೋಲ್ತಾರೆ ಅಂತ ನೋಟಿಸ್ ಬೋರ್ಡಿಗೆ ಒಂದು ಪುಟ ಬರ್ಕೊಡಿ" ಎಂದರು. 'ಬರೆಯೋಕೆ ಬರೋವ್ರು' ಎಂದು ಕರೆಸಿಕೊಂಡ ಮೇಲೆ ಯಾವ ಗ್ರಂಥಪಾಲಕ ಇಲ್ಲ ಎನ್ನುತ್ತಾನೆ?

ನಮ್ಮ ಕಡೆಯ ಎಂಟು ಕಾಲೇಜುಗಳ ಹುಡುಗಿಯರ ಲೀಗ್ ಅದು. ಎಂಟೂ ತಂಡಗಳ ಜಾತಕ ನನಗೆ ಬಾಯಿಪಾಠ. ಮಹದೇವಪುರದವರ ಅಂಕಣ ಮಳೆಗಾಲದಲ್ಲಿ ಕೆರೆಯಾಗುತ್ತದೆ. ಚೆಂಡನ್ನು ನೆಲಕ್ಕೆ ಕುಟ್ಟಿದರೆ ತೇಲುತ್ತದೆಯೇ ಹೊರತು ಪುಟಿಯುವುದಿಲ್ಲ. ಹಾಗಾಗಿ ಆ ಹುಡುಗಿಯರು ಚೆಂಡನ್ನು ನೆಲಕ್ಕೆ ತಾಗಿಸದೆ ಕೈಯಿಂದ ಕೈಗೆ ದಾಟಿಸುವುದನ್ನು ಕಲಿತು, ಈಗ ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಕೆ.ಆರ್.ಪುರದವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಯಾವಾಗಲೂ ತಡ. ಆರು ಜನ ಬಂದಿಳಿದರೆ ಚೆನ್ನಾಗಿ ಆಡುವವರೆಲ್ಲ ಇನ್ನೂ ಸೇತುವೆಯ ಮೇಲಿರುತ್ತಾರೆ. ಹಾಗಾಗಿ ಮೊದಲ ಅರ್ಧದಲ್ಲಿ ಹಿಂದೆ ಬಿದ್ದು, ಎರಡನೆಯ ಅರ್ಧದಲ್ಲಿ ಮೈಮೇಲೆ ಬಂದವರ ಹಾಗೆ ಆಡುತ್ತಾರೆ. ಶಿವಾಜಿನಗರದವರು ಸಂದಿಯಲ್ಲಿ ನುಗ್ಗುವುದರಲ್ಲಿ ನಿಪುಣರು, ಅದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಅವರ ಮಾರ್ಕೆಟ್ಟೇ ಕಲಿಸಿದೆ. ಇಷ್ಟೆಲ್ಲ ತಿಳಿದು, ಅಳೆದು ಸುರಿದು, ನಾನು ಮೊದಲ ಎರಡು ವರ್ಷವೂ ನಮ್ಮ ಕಾಲೇಜನ್ನೇ ಮೊದಲ ಸ್ಥಾನಕ್ಕೆ ಹಾಕಿದೆ. ಎರಡು ವರ್ಷವೂ ನಮ್ಮವರು ಮೊದಲ ಪಂದ್ಯಗಳಲ್ಲೇ ಮಣ್ಣು ಮುಕ್ಕಿದರು. ನಾನು ಎಂಟನೆಯವರು ಎಂದಿದ್ದ ದೊಮ್ಮಲೂರಿನವರು ಕಪ್ ಎತ್ತಿಕೊಂಡು ಹೋದರು.

ಸ್ಟಾಫ್ ರೂಮಿನಲ್ಲೂ ನನ್ನ ಕೀರ್ತಿ ಇದೇ. ಅಲ್ಲಿ ಹನ್ನೆರಡು ಜನ ಸೇರಿ ಫ್ಯಾಂಟಸಿ ಫುಟ್ಬಾಲ್ ಆಡುತ್ತೇವೆ. ಎಲ್ಲೋ ದೂರದೇಶದಲ್ಲಿ ಆಡುವವರಲ್ಲಿ ಹನ್ನೊಂದು ಜನರನ್ನು ಫೋನಿನಲ್ಲಿ ಆರಿಸಿ ನಮ್ಮದೇ ತಂಡ ಕಟ್ಟಿಕೊಳ್ಳುವುದು. ಅವರು ಅಲ್ಲಿ ಗೋಲು ಹೊಡೆದರೆ ನಮಗಿಲ್ಲಿ ಅಂಕ. ಒಮ್ಮೆ ಫುಟ್ಬಾಲ್ ಸೀಸನ್ ಅರ್ಧ ಮುಗಿದಾಗ ನೋಟಿಸ್ ಬೋರ್ಡಿನ ಪುಟದ ಕೆಳಗೆ ಜಾಗ ಉಳಿದಿತ್ತೆಂದು ಅದರ ಬಗ್ಗೆಯೂ ನಾಲ್ಕು ಬುದ್ಧಿಮಾತು ಬರೆದೆ. ಕಾಲು ನೋವಿನವನನ್ನು ಕನಿಕರಕ್ಕೆ ಇಟ್ಟುಕೊಳ್ಳಬೇಡಿ, ಹೋದ ವಾರ ಗೋಲು ಹೊಡೆದವನ ಹಿಂದೆ ಈ ವಾರ ಓಡಬೇಡಿ, ನಾಯಕನನ್ನು ಗಳಿಗೆಗೊಮ್ಮೆ ಬದಲಿಸಬೇಡಿ. ಎಲ್ಲವೂ ಅಪ್ಪಟ ಸಲಹೆಗಳು. ಬರೆದವನು ಹನ್ನೆರಡು ಜನರಲ್ಲಿ ಹನ್ನೆರಡನೆಯವನು ಎಂಬುದನ್ನು ಮಾತ್ರ ಬರೆಯಲಿಲ್ಲ. ಮೊದಲ ಸ್ಥಾನದಲ್ಲಿರುವ ಫಿಸಿಕ್ಸ್‌ನ ಆರೋಗ್ಯರಾಜ್ ಪ್ರತಿ ಶುಕ್ರವಾರ ನನ್ನ ಮೇಜಿಗೆ ಬಂದು ಭಕ್ತಿಯಿಂದ ಕೇಳುತ್ತಾನೆ: "ಸರ್, ಈ ವಾರ ಯಾರನ್ನ ಕ್ಯಾಪ್ಟನ್ ಮಾಡ್ತಿದ್ದೀರಾ? ಸ್ವಲ್ಪ ಬೇಗ ಹೇಳ್ಬಿಡಿ ಸರ್, ನಾನು ಅವನನ್ನ ತೆಗೀಬೇಕು."

ಹೀಗಿರುವಾಗ, ಲೀಗಿಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗ, ನಮ್ಮ ತಂಡದ ನಾಯಕಿ ಭಾಗ್ಯಶ್ರೀ ಲೈಬ್ರರಿಗೆ ಬಂದಳು. ಮೂರು ವರ್ಷದಲ್ಲಿ ಅವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು, ಆದ್ದರಿಂದ ನಾನು ಸಂಭ್ರಮದಿಂದ ಎದ್ದು ನಿಂತೆ. ಯಾದಗಿರಿ ಕಡೆಯವಳು. ಅಪ್ಪ ಗಾರೆ ಕೆಲಸ ಮಾಡುತ್ತಾನೆ, ಬೈಯಪ್ಪನಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ.

"ಸರ್, ಒಂದ್ ಮಾತ್ ಕೇಳ್ಬೇಕಿತ್ರಿ. ಈ ಸಲ ನಮ್ಮನ್ನ ಎಂಟನೇದಕ್ಕ ಹಾಕ್ರಿ."

"ಏನಮ್ಮ ಹೀಗಂತೀಯ? ಈ ಸಲ ನೀವೇ..."

"ಅಯ್ಯೋ ಸರ್, ಅದನ್ನ ಬಾಯಿ ಬಿಟ್ಟು ಹೇಳಬ್ಯಾಡ್ರಿ!" ಅವಳು ನಿಜವಾಗಿಯೂ ಗಾಬರಿಯಾಗಿದ್ದಳು. "ನಂದು ಇದು ಕೊನೇ ವರ್ಷ ರೀ. ನಮ್ಮಪ್ಪ ಇನ್ನೂ ಒಮ್ಮೆನೂ ನನ್ನ ಆಟ ನೋಡಿಲ್ಲ. ಫೈನಲ್ಲಿಗೆ ಬಂದ್ರ ಒಂದಿನ ಕೆಲಸ ಬಿಟ್ಟು ಬರ್ತೀನಿ ಅಂದಾನ. ಬಂದ ಮ್ಯಾಲ ಸೋತು ತೋರಿಸ್ಲೇನ್ರಿ?"

ನಾನು ಪೇಚಿಗೆ ಸಿಕ್ಕಿಕೊಂಡೆ. ನಿಜ ಹೇಳುತ್ತೇನೆ, ಆ ವರ್ಷದ ನಮ್ಮ ತಂಡದಂಥ ತಂಡವನ್ನು ನಾನು ಆ ಕಿಟಕಿಯಿಂದ ನೋಡಿಯೇ ಇರಲಿಲ್ಲ. ಗೆಲ್ಲುವವರು ಇವರೇ ಎಂದು ಒಳಗೊಳಗೇ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಕಾಗದದಲ್ಲಿ ಇನ್ನೊಂದು ಬರೆಯುವುದು ಹೇಗೆ? ಮನೆಗೆ ಹೋಗಿ ಶಾರದಾಳನ್ನು ಕೇಳಿದೆ. "ಆ ಹುಡುಗಿ ನಿಮ್ಮನ್ನ ಕೇಳಿದ್ದು ಒಂದು ಅಂಕಿ. ನಿಮ್ಮ ಆತ್ಮಸಾಕ್ಷಿನ ಯಾರು ಕೇಳಿದ್ರು ಈಗ? ಎಂಟು ಅಂತ ಬರೀರಿ, ಊಟಕ್ಕೆ ಏಳಿ" ಎಂದಳು.

ಬರೆದೆ. ನಮ್ಮವರಿಗೆ ಎತ್ತರವಿಲ್ಲ, ಓಟವಿಲ್ಲ, ಹೊಂದಾಣಿಕೆಯಿಲ್ಲ ಎಂದೆಲ್ಲ ಬರೆಯುವಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೊದಲ ಸ್ಥಾನಕ್ಕೆ ಮಹದೇವಪುರವನ್ನು ಹಾಕಿದೆ. ಮರುದಿನವೇ ಸುದ್ದಿ ತಲುಪಿ ಅವರ ಕೋಚ್ ಫೋನ್ ಮಾಡಿದರು. "ಏನ್ ಸಾರ್, ನಾವು ನಿಮಗೆ ಏನ್ ಅನ್ಯಾಯ ಮಾಡಿದ್ವಿ? ಮೂರನೇದಕ್ಕಾದ್ರೂ ಇಳಿಸಿ ಸಾರ್, ಮಕ್ಕಳು ಊಟ ಬಿಟ್ಟಿದ್ದಾರೆ" ಎಂದು ಗೋಗರೆದರು. ಅಚ್ಚಾದದ್ದನ್ನು ತಿದ್ದಲು ಬರುವುದಿಲ್ಲ ಎಂದು ನಾನು ಗಂಭೀರವಾಗಿ ಉತ್ತರ ಕೊಟ್ಟೆ. ಅಚ್ಚಾಗಿರಲಿಲ್ಲ, ಕೈಯಲ್ಲೇ ಬರೆದು ಗುಂಡುಸೂಜಿ ಚುಚ್ಚಿದ್ದೆ.

ನಮ್ಮ ಹುಡುಗಿಯರು ಒಂದೊಂದೇ ಪಂದ್ಯ ಗೆಲ್ಲುತ್ತ ಫೈನಲ್ ತಲುಪಿದರು. ಎದುರಾಳಿ ಮಹದೇವಪುರ. ಆ ದಿನ ಅಂಕಣದ ಬಳಿ ಹೋದರೆ ಭಾಗ್ಯಶ್ರೀ ಕೈಮುಗಿದು, "ಸರ್, ನೀವು ಅವರ ಕಡೆ ಕೂಡ್ರಿ, ಅವರಿಗೇ ಕೂಗ್ರಿ" ಎಂದಳು. ಹೋಗಿ ಮಹದೇವಪುರದವರ ನಡುವೆ ಕೂತೆ. ಆಟ ಶುರುವಾದ ಮೇಲೆ ಪಕ್ಕದಲ್ಲಿ ಒಬ್ಬರು ಬಂದು ಕೂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಸಿಮೆಂಟು. ಯಾವ ಕಡೆ ಯಾರು ಕೂರಬೇಕೆಂದು ತಿಳಿಯದೆ ಗೇಟಿನ ಹತ್ತಿರದ ಜಾಗಕ್ಕೆ ಬಂದಿದ್ದರು. ಭಾಗ್ಯಶ್ರೀ ಚೆಂಡು ಹಿಡಿದಾಗಲೆಲ್ಲ ಉಸಿರು ಕಟ್ಟಿ ಕೂರುತ್ತಿದ್ದುದನ್ನು ನೋಡಿ ಯಾರೆಂದು ನನಗೆ ಗೊತ್ತಾಯಿತು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

"ನೀವು ಯಾರ ಕಡಿಯವ್ರಿ?" ಎಂದರು.

"ಮಹದೇವಪುರ" ಎಂದೆ.

"ಹಂಗಾರ ಸ್ವಲ್ಪ ಆ ಕಡಿ ಸರೀರಿ."

ಸರಿದು ಕೂತೆ. ಕೊನೆಯ ನಿಮಿಷಕ್ಕೆ ಬಂದಾಗ ಮಹದೇವಪುರ ಒಂದೇ ಅಂಕ ಮುಂದಿತ್ತು. ನಾನು ಎದ್ದು ನಿಂತು, ಗಂಟಲು ಹರಿಯುವ ಹಾಗೆ "ಮಹದೇವಪುರ! ಗೆದ್ದೇ ಬಿಟ್ರಿ! ಕಪ್ ನಿಮ್ದೇ!" ಎಂದು ಅರಚಿದೆ. ಅತ್ತ ಅವರ ಕೋಚ್ ನನ್ನ ದನಿ ಗುರುತು ಹಿಡಿದು ತಲೆಯ ಮೇಲೆ ಕೈ ಹೊತ್ತರು. ಇತ್ತ ಆ ಅಪ್ಪ, "ಬಾಯ್ ಮುಚ್ಚ್ರಿ ಒಂದೀಟು!" ಎಂದು ನನ್ನ ತೋಳು ಹಿಡಿದು ಎಳೆದರು. ಆ ಎಳೆದಾಟದ ನಡುವೆಯೇ ಭಾಗ್ಯಶ್ರೀ ಇಬ್ಬರನ್ನು ದಾಟಿ ಹಾರಿದಳು. ಚೆಂಡು ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು. ಸೀಟಿ ಮೊಳಗಿತು. ಅಪ್ಪ ಜಗಳ ಮರೆತು ನನ್ನನ್ನೇ ತಬ್ಬಿಕೊಂಡು ಕುಣಿದರು, ನಾನೂ ಕುಣಿದೆ. ಅಷ್ಟು ಸಂತೋಷವಾದದ್ದು ನನ್ನ ಮದುವೆಯಲ್ಲೂ ಇಲ್ಲ. ಮಹದೇವಪುರದವರು ಮಾತ್ರ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಭಾಗ್ಯಶ್ರೀ ಕಪ್ ಹಿಡಿದುಕೊಂಡು ಓಡಿ ಬಂದು ಮೊದಲು ಅಪ್ಪನ ಕೈಗೆ ಕೊಟ್ಟಳು, ಆಮೇಲೆ ನನ್ನ ಕೈಗೆ. "ಅಪ್ಪಾ, ಇವ್ರ ನಮ್ಮ ಲೈಬ್ರರಿ ಸರ್. ಇವ್ರಿಂದನ ಗೆದ್ವಿ!" ಅಪ್ಪ ನನ್ನನ್ನೂ ಕಪ್ಪನ್ನೂ ಮತ್ತೆ ಮತ್ತೆ ನೋಡಿ, ಏನೂ ಅರ್ಥವಾಗದೆ ನಮಸ್ಕಾರ ಮಾಡಿದರು. ನನಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಎಣಿಕೆ ನಿಜವಾಗಿದೆ, ಅದನ್ನು ಒಬ್ಬರಿಗಾದರೂ ಹೇಳಬೇಡವೇ? ಅವಳನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ನಾನು ಎಂಟು ಅಂತ ಬರೆದೆ ಅಷ್ಟೇ. ಮನಸ್ಸಿನಲ್ಲಿ ಮೊದಲಿಂದಲೂ ನೀವೇ ಗೆಲ್ಲೋದು ಅಂದುಕೊಂಡಿದ್ದೆ" ಎಂದೆ.

ಹುಡುಗಿಯ ಮುಖ ಬಿಳಿಚಿಕೊಂಡಿತು. ಸುತ್ತ ನೋಡಿ, ದನಿ ತಗ್ಗಿಸಿ, "ಸರ್, ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಮುಂದಿನ ವರ್ಷ ನಮ್ಮ ಜೂನಿಯರ್ಸ್‌ಗೂ ನಿಮ್ಮ ಎಂಟನೇ ಸ್ಥಾನನ ಬೇಕ್ರಿ!" ಎಂದಳು.

ಮಾತು ಕೊಟ್ಟೆ. ಇಂದಿಗೂ ಯಾರಿಗೂ ಹೇಳಿಲ್ಲ. ಈಗ ಇಲ್ಲಿ ಬರೆದದ್ದಾದರೂ, ಇಂಥ ಪ್ರಬಂಧಗಳನ್ನು ನಮ್ಮ ಕಾಲೇಜಿನಲ್ಲಿ ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ. ಗ್ರಂಥಪಾಲಕನಾದ ನನಗಿಂತ ಅದು ಚೆನ್ನಾಗಿ ಇನ್ನಾರಿಗೆ ಗೊತ್ತಿರಲು ಸಾಧ್ಯ? ಯಾರೂ ಓದುವುದಿಲ್ಲ, ಖಂಡಿತ ಓದುವುದಿಲ್ಲ ಎಂದು ಬರೆದು ಪೆನ್ನು ಕೆಳಗಿಟ್ಟ ಮೇಲೆ, ಇದೂ ನನ್ನದೇ ಒಂದು ಭವಿಷ್ಯವಾಣಿ ಎಂಬುದು ಹೊಳೆದು ಎದೆ ಧಸಕ್ಕೆಂದಿದೆ.